ದೊಡ್ಡಪ್ಪನ ಲೈನುಗಳು

ನಮ್ಮ ದೊಡ್ಡಪ್ಪನಿಗೆ ಇಂಗ್ಲಿಷಿನ ನಲವತ್ತು ಪದ ಬರುತ್ತಿದ್ದವೋ ಐವತ್ತೋ, ಎಣಿಸಿದವರಿಲ್ಲ. ಆದರೆ ಅವುಗಳಲ್ಲಿ ಒಂದನ್ನು ಮಾತ್ರ ಅವರು ಉಳುಮೆಯ ಎತ್ತಿನ ಹಾಗೆ ದುಡಿಸುತ್ತಿದ್ದರು. ಆ ಪದ ಲೈನು. ಉಳಿದ ಪದಗಳಿಗೆ ಒಂದೊಂದು ಕೆಲಸವಾದರೆ ಇದಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲ.

ಕೊಡಗನ್ನು ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲ ಅದು. ಮಡಿಕೇರಿಯಿಂದ ಪಶ್ಚಿಮಕ್ಕೆ, ಬೆಟ್ಟದ ಇಳಿಜಾರಿನಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ದೊಡ್ಡಪ್ಪ ರೈಟರ್ ಆಗಿದ್ದರು. ರೈಟರ್ ಅಂದರೆ ಕೂತು ಬರೆಯುವವನು ಎಂದುಕೊಳ್ಳಬೇಡಿ. ಬೆಳಗ್ಗೆ ಆಳುಗಳ ಹಾಜರಿ ಕರೆಯುವುದು, ಅವರನ್ನು ಕೆಲಸಕ್ಕೆ ಹಂಚುವುದು, ಗಿಡ ನೆಡಿಸುವುದು, ಜಗಳ ಬಿಡಿಸುವುದು, ಎಸ್ಟೇಟಿನ ಇಂಗ್ಲಿಷ್ ದೊರೆಯ ಕುದುರೆಗೆ ಹೊಟ್ಟೆನೋವು ಬಂದರೆ ಕಷಾಯ ಕಾಯಿಸುವುದು ಎಲ್ಲ ಆ ಹೆಸರಿನೊಳಗೆ ಬರುತ್ತಿತ್ತು. ಬರೆಯುವುದು ಕೊನೆಗೆ, ಸಮಯ ಉಳಿದರೆ.

ನಾನು ಚಿಕ್ಕಂದಿನಿಂದ ಬೆಳೆದದ್ದು ಅವರ ಮನೆಯಲ್ಲಿ. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ನಮ್ಮ ಅವ್ವನಿಗೆ ಆರು ಜನ. ಒಬ್ಬಳು ಆ ಕಡೆ ಹೋದರೆ ಎರಡೂ ಮನೆಗೆ ಅನುಕೂಲ ಎಂದು ಹಿರಿಯರು ತೀರ್ಮಾನಿಸಿದರಂತೆ. ಹಾಗಾಗಿ ನನಗೆ ಮಾತು ಬಂದದ್ದೇ ಆ ಮನೆಯ ಜಗಲಿಯಲ್ಲಿ. ಒಳಗೆ ಅರೆಭಾಷೆ, ಪಕ್ಕದ ಮನೆಯವರೊಡನೆ ಕೊಡವ ತಕ್ಕ್, ಆಳುಗಳ ಮಕ್ಕಳೊಡನೆ ತಮಿಳು, ಮಲೆಯಾಳ, ಮತ್ತೆ ದೊಡ್ಡಪ್ಪನ ಬಾಯಿಂದ ಉದುರುವ ಇಂಗ್ಲಿಷು. ಯಾವುದು ಯಾವ ಭಾಷೆ ಎಂದು ಬೇರೆ ಮಾಡಿ ನೋಡುವುದನ್ನು ಕಲಿತದ್ದು ಮಡಿಕೇರಿಯ ಶಾಲೆಗೆ ಹೋದ ಮೇಲೆ.

ಆಳುಗಳು ವಾಸವಿದ್ದ ಸಾಲುಮನೆಗಳಿಗೆ ಎಸ್ಟೇಟಿನಲ್ಲಿ ಲೈನು ಎಂದೇ ಹೆಸರು. "ಗೂಡೆ, ಲೈನಿಗೆ ಹೋಗಿ ಮೇಸ್ತ್ರಿನ ಕರ್ಕಂಡ್ ಬಾ" ಎಂದು ದೊಡ್ಡಪ್ಪ ನನ್ನನ್ನು ಓಡಿಸುತ್ತಿದ್ದರು. ನಮ್ಮ ಅರೆಭಾಷೆಯಲ್ಲಿ ಹುಡುಗಿಯೆಂದರೆ ಗೂಡೆ. ನನಗೆ ಈಗ ಮೊಮ್ಮಕ್ಕಳಿದ್ದರೂ ಆ ಪದ ಕಿವಿಗೆ ಬಿದ್ದರೆ ಕಾಲು ಓಡಲು ಸಿದ್ಧವಾಗುತ್ತದೆ. ಲೈನಿನಲ್ಲಿ ಇರುವವರು ಬೆಳಗ್ಗೆ ಕಣದಲ್ಲಿ ಹಾಜರಿಗೆ ನಿಲ್ಲಬೇಕಲ್ಲ, ಅದೂ ಲೈನೇ. ದೊಡ್ಡಪ್ಪ ಮೆಟ್ಟಿಲ ಮೇಲೆ ನಿಂತು "ಲೈನ್!" ಎಂದು ಒಂದು ಸಲ ಕೂಗಿದರೆ ಆಳುಗಳ ಜೊತೆ ಎರಡು ನಾಯಿಗಳೂ ಬಂದು ಕೊನೆಯಲ್ಲಿ ಕೂರುತ್ತಿದ್ದವು. ಪಕ್ಕದ ಎಸ್ಟೇಟಿನ ಗಡಿಯೂ ಲೈನು, ತಂತಿ ಕಂಬದ ತಂತಿಯೂ ಲೈನು. ಹಳೆ ದೊರೆ ಕಾವೇರಿಯಲ್ಲಿ ಮೀನಿಗೆ ಗಾಳ ಹಾಕುವಾಗ ಹಿಡಿದು ಕೂರುತ್ತಿದ್ದ ದಾರವೂ ಅದೇ. ದೊಡ್ಡಪ್ಪ ಅವನ ಪಕ್ಕದಲ್ಲಿ ಹುಳುವಿನ ಡಬ್ಬಿ ಹಿಡಿದು ಕೂತು ಕೂತೇ ಅರ್ಧ ಇಂಗ್ಲಿಷ್ ಕಲಿತದ್ದಂತೆ.

ಹಳೆ ದೊರೆಯಿಂದ ಅವರಿಗೆ ಸಿಕ್ಕ ದೊಡ್ಡ ಆಸ್ತಿಯೆಂದರೆ "ಹಾರ್ಡ್ ಲೈನ್ಸ್" ಎಂಬ ಮಾತು. ನಮ್ಮ ಎಮ್ಮೆ ಹಳ್ಳಕ್ಕೆ ಬಿದ್ದು ಸತ್ತಾಗ ದೊರೆ ಟೋಪಿ ತೆಗೆದು ದೊಡ್ಡಪ್ಪನ ಭುಜ ಮುಟ್ಟಿ ಹಾಗೆ ಹೇಳಿದನಂತೆ. ಕಷ್ಟದಲ್ಲಿರುವವನಿಗೆ ಅಯ್ಯೋ ಪಾಪ ಅನ್ನುವ ಮಾತು ಅದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವತ್ತಿನಿಂದ ದೊಡ್ಡಮ್ಮನ ಸೊಂಟ ಹಿಡಿದರೂ ಹಾರ್ಡ್ ಲೈನ್ಸ್, ಹಂದಿ ಬಂದು ಕೆಸುವಿನ ಗೆಡ್ಡೆ ಅಗೆದರೂ ಹಾರ್ಡ್ ಲೈನ್ಸ್. ದೊಡ್ಡಮ್ಮ ರೇಗುತ್ತಿದ್ದರು. "ಸೊಂಟಕ್ಕೆ ಎಣ್ಣೆ ತಿಕ್ಕಿಕೆ ಹೇಳಿರೆ ಇವು ಇಂಗ್ಲಿಷ್ ತಿಕ್ಕುವೆ. ನೋಡ್ ಗೂಡೆ, ನಿನ್ನ ದೊಡ್ಡಪ್ಪನ!"

ಒಂದೇ ಒಂದು ಲೈನಿನಲ್ಲಿ ದೊಡ್ಡಮ್ಮನ ಕೈ ಮೇಲಾಗಿತ್ತು. ಕೊಡಗಿನಲ್ಲಿ ರೈಲಿಲ್ಲ. ದೊಡ್ಡಪ್ಪ ರೈಲ್ವೆ ಲೈನಿನ ಬಗ್ಗೆ ಬಹಳ ಮಾತಾಡುತ್ತಿದ್ದರೂ ನೋಡಿದವರಲ್ಲ. ದೊಡ್ಡಮ್ಮ ಕಣ್ಣಿನ ಔಷಧಿಗೆಂದು ತಮ್ಮನ ಜೊತೆ ಮೈಸೂರಿಗೆ ಹೋದವರು ಕಣ್ಣಾರೆ ನೋಡಿ ಬಂದಿದ್ದರು. ದೊಡ್ಡಪ್ಪ ಯಾರಿಗಾದರೂ ರೈಲಿನ ವಿಷಯ ವಿವರಿಸಲು ಹೊರಟರೆ ಅಡುಗೆಮನೆಯಿಂದ ಧ್ವನಿ ಬರುತ್ತಿತ್ತು: "ಕಂಡವು ಒಳಗೆ ಒಳೊ, ಕಾಣದವು ಹೊರಗೆ ಮಾತಾಡ್ತಾ ಒಳೊ." ಕಂಡವರು ಒಳಗಿದ್ದಾರೆ, ಕಾಣದವರು ಜಗಲಿಯಲ್ಲಿ ಭಾಷಣ ಮಾಡುತ್ತಿದ್ದಾರೆ ಎಂದು. ದೊಡ್ಡಪ್ಪ ಎಲೆಯಡಿಕೆ ಪೆಟ್ಟಿಗೆ ತೆರೆಯುತ್ತಿದ್ದರು.

ನಾನು ಶಾಲೆ ಮುಗಿಸಿ ಮನೆಗೆ ಬರುವಾಗ ಮಾಸ್ತರರು ಕೊಟ್ಟ ಒಂದು ಹಳೆ ನಿಘಂಟು ತಂದಿದ್ದೆ. ದೊಡ್ಡಪ್ಪ ಮೊದಲು ಕೇಳಿದ್ದೇ ತಮ್ಮ ಪದ ಅದರಲ್ಲಿದೆಯೇ ಎಂದು. ಇತ್ತು, ಒಂದು ಪುಟ ತುಂಬಿ ಮುಂದಿನ ಪುಟಕ್ಕೂ ಹರಿದಿತ್ತು. ನಾನು ಒಂದೊಂದೇ ಅರ್ಥ ಓದುತ್ತ ಹೋದೆ, ಅವರು ಕಣ್ಣು ಮುಚ್ಚಿ "ಅದ್ ಗೊತ್ತುಟ್ಟು, ಮುಂದೆ" ಅನ್ನುತ್ತ ಹೋದರು. ಉಟ್ಟು ಅಂದರೆ ನಮ್ಮ ಭಾಷೆಯಲ್ಲಿ ಇದೆ ಎಂದು. ಮುಖದ ಸುಕ್ಕಿಗೂ ಲೈನು ಅನ್ನುತ್ತಾರೆ ಎಂದಾಗ ಮಾತ್ರ ಕಣ್ಣು ತೆರೆದು ದೊಡ್ಡಮ್ಮನ ಕಡೆ ನೋಡಿ, ಮತ್ತೆ ಮುಚ್ಚಿಕೊಂಡರು. ಕೋಟಿನ ಒಳಬಟ್ಟೆ ಲೈನಿಂಗು ಎಂದು ಅವರಿಗೆ ವಿರಾಜಪೇಟೆಯ ದರ್ಜಿ ಕಲಿಸಿದ್ದ. "ಲೈನಿಂಗ್ ಹಾಕೋದಾ ಸ್ವಾಮಿ?" ಎಂದು ಕೇಳಿದ್ದಕ್ಕೆ ದೊಡ್ಡಪ್ಪ, "ಹಾಕು, ಆರಡಿಗೆ ಒಂದು ಗೂಟ ಇರಲಿ" ಎಂದು ತೋಟದಲ್ಲಿ ಗಿಡದ ಸಾಲಿಗೆ ಗೂಟ ಹೊಡೆಯುವ ಲೈನಿಂಗಿನ ಲೆಕ್ಕ ಹೇಳಿ ನಗಿಸಿ ಬಂದಿದ್ದರು. ಒಬ್ಬ ಯಾವ ಉದ್ಯೋಗದವನು ಎಂದು ಕೇಳಲು ಅವನದು ಯಾವ ಲೈನು ಎನ್ನುತ್ತಾರೆಂಬುದೂ ಅವರಿಗೆ ಗೊತ್ತಿತ್ತು.

ಆಗ ನನಗೆ ಹದಿನೆಂಟರ ಹುರುಪು. ಹೇಗಾದರೂ ಸೋಲಿಸಬೇಕೆಂದು, ಶಾಲೆಯಲ್ಲಿ ಕಲಿತ ಒಂದು ಮಾತು ತೆಗೆದೆ. "ದೊಡ್ಡಪ್ಪ, ರೀಡ್ ಬಿಟ್ವೀನ್ ದ ಲೈನ್ಸ್. ಸಾಲುಗಳ ನಡುವೆ ಓದೋದು. ಅಲ್ಲಿ ಎಂತ ಉಟ್ಟು ಹೇಳಿ ನೋಡೊಮ?"

"ಕಳೆ ಉಟ್ಟು," ಅಂದರು. "ಮತ್ತೆಂತ? ದೊರೆ ತೋಟಕ್ಕೆ ಬಂದರೆ ಮೊದಲು ಓದುದೇ ಅದ್ನ."

ನಾನು ನಿಘಂಟು ಮುಚ್ಚಿದೆ.

ಇಷ್ಟು ಹೊತ್ತು ಹೇಳಿದರೂ ಅವರ ಮುಖ್ಯ ಲೈನು ಯಾವುದೆಂದು ಹೇಳಲಿಲ್ಲ. ಹೊಸ ಕಾಫಿ ಹಾಕುವ ಮೊದಲು ಗಿಡ ಬರುವ ಒಂದೊಂದು ಜಾಗಕ್ಕೂ ಒಂದೊಂದು ಗೂಟ ಹೊಡೆದು ಗುರುತು ಮಾಡಬೇಕು. ಉದ್ದದ ಹಗ್ಗಕ್ಕೆ ಆರಡಿಗೊಂದು ಕೆಂಪು ಬಟ್ಟೆಯ ಚೂರು ಸಿಕ್ಕಿಸಿ, ಇಬ್ಬರು ಎರಡು ತುದಿ ಎಳೆದು ಹಿಡಿದರೆ, ಚೂರು ಇರುವಲ್ಲೆಲ್ಲ ಗೂಟ. ಇದಕ್ಕೆ ಲೈನ್ ಹಾಕುವುದು ಎನ್ನುತ್ತಾರೆ. ಕೇಳಲು ಸುಲಭ. ಆದರೆ ನಮ್ಮ ಬೆಟ್ಟದಲ್ಲಿ ನೆಲ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ಹಗ್ಗ ಎಲ್ಲೋ ಕಲ್ಲಿಗೆ ತಾಗಿ, ಹತ್ತು ಸಾಲು ಕಳೆಯುವುದರೊಳಗೆ ಸಾಲೆಲ್ಲ ಹಾವಿನಂತಾಗುತ್ತದೆ. ದೊಡ್ಡಪ್ಪ ಹಾಕಿದ್ದು ಹಾಗಾಗುತ್ತಿರಲಿಲ್ಲ. ಬೇರೆ ಎಸ್ಟೇಟುಗಳವರೂ ಬಂದು ಅವರನ್ನು ಕರೆದೊಯ್ಯುತ್ತಿದ್ದರು.

ಹಳೆ ದೊರೆ ಊರಿಗೆ ಹಡಗು ಹತ್ತಿದ ವರ್ಷ ಹೊಸಬ ಬಂದ. ಸಿಲೋನಿನ ತೋಟದಲ್ಲಿ ಇದ್ದವನು. ತೆಳ್ಳಗೆ, ಎತ್ತರಕ್ಕೆ, ಕೊರಳಿಗೆ ಸದಾ ಒಂದು ದುರ್ಬೀನು. ಅವನ ತಮಿಳು ನಮ್ಮ ಲೈನಿನವರಿಗೇ ಅರ್ಥವಾಗದು, ಕನ್ನಡ ಆಗಷ್ಟೇ ಶುರು. ಮೊದಲ ದಿನವೇ ದೊಡ್ಡಪ್ಪನನ್ನು ಕರೆಸಿ ಒಂದು ಇಂಗ್ಲಿಷ್ ಕಾಗದ ಕೈಗೆ ಕೊಟ್ಟು ಓದಲು ಹೇಳಿದ. ದೊಡ್ಡಪ್ಪ ಅಕ್ಷರ ಕೂಡಿಸಿ ಕೂಡಿಸಿ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಕಾಗದ ವಾಪಸು ತೆಗೆದುಕೊಂಡ. ಮದ್ರಾಸಿನ ಕಡೆಯ ಒಬ್ಬ ಮೆಟ್ರಿಕ್ ಪಾಸಾದವನು ರೈಟರ್ ಕೆಲಸ ಕೇಳಿ ಬರೆದಿದ್ದಾನೆ, ಚೆನ್ನಾಗಿ ಇಂಗ್ಲಿಷ್ ಬಲ್ಲವನು ಎಂದ. ಇಲ್ಲಿ ಇರಬೇಕಾದರೆ ಎಲ್ಲರೂ ಟೋ ದ ಲೈನ್ ಎಂದ. ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲಬೇಕು, ಹೇಳಿದ್ದಷ್ಟೇ ಮಾಡಬೇಕು ಎಂದು ದೊಡ್ಡಪ್ಪ ಮನೆಗೆ ಬಂದು ನಮಗೆ ಬಿಡಿಸಿ ಹೇಳಿದರು. ಅವರ ಲೈನುಗಳಿಗೆ ಇನ್ನೊಂದು ಸೇರಿತು, ಆದರೆ ಅವತ್ತು ಅವರಿಗೆ ಖುಷಿ ಇರಲಿಲ್ಲ.

ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ನಾವಿದ್ದದ್ದು ಎಸ್ಟೇಟಿನ ರೈಟರ್ ಮನೆ. ದೊಡ್ಡಮ್ಮ ನೆಟ್ಟ ಬಸಳೆ, ಕಟ್ಟಿದ ಕೋಳಿಗೂಡು ಎಲ್ಲ ಅದರ ಹಿತ್ತಲಲ್ಲಿ.

ದೊರೆ ಒಂದು ಅವಕಾಶ ಕೊಟ್ಟ. ಬಂಗಲೆಯ ಎದುರು ಕಣಿವೆಯಾಚೆ ನಾಲ್ಕು ಎಕರೆ ಕಾಡು ಕಡಿದು ಸುಟ್ಟ ಜಾಗವಿತ್ತು. ತಾನು ಮೂರು ವಾರ ನೀಲಗಿರಿಗೆ ಹೋಗುತ್ತೇನೆ, ಬರುವುದರೊಳಗೆ ಲೈನ್ ಹಾಕಿರಬೇಕು, ತಾನು ನೋಡಿದ ಮೇಲೆಯೇ ಗುಂಡಿ ತೆಗೆಯಬೇಕು, ಸಾಲು ಸೊಟ್ಟಗಿದ್ದರೆ ಮದ್ರಾಸಿನವನಿಗೆ ಕರೆ ಹೋಗುತ್ತದೆ ಎಂದ. ಹೊರಡುವಾಗ ಕುದುರೆಯ ಮೇಲಿಂದಲೇ ಇನ್ನೊಂದು ಮಾತು ಸೇರಿಸಿದ: ನೆರಳಿಗೆ ಸಿಲ್ವರ್ ಓಕ್ ಸಸಿ ತರಿಸುತ್ತೇನೆ, ಆ ಜಾಗದಲ್ಲಿ ಹಾಲುವಾಣ ಒಂದೂ ಇರಬಾರದು.

ಹಾಲುವಾಣದ ವಿಷಯ ಕಾಫಿ ನಾಡಿನವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಕೊಂಬೆ ಕಡಿದು ನೆಲಕ್ಕೆ ಚುಚ್ಚಿದರೆ ಸಾಕು, ಮಳೆ ಬಿದ್ದ ಕೂಡಲೆ ಮರವಾಗಲು ಹೊರಡುವ ಜಾತಿ. ಕಾಫಿಗೆ ನೆರಳಾಗಲೆಂದು ಎಲ್ಲ ತೋಟದಲ್ಲೂ ಹಾಕುತ್ತಿದ್ದರು.

ಐದು ಸಾವಿರದ ಹತ್ತಿರ ಗೂಟ ಬೇಕು. ಕಾಡಿನ ಯಾವುದಾದರೂ ಗಟ್ಟಿ ಗಿಡ ಕಡಿದು ಚೂಪು ಮಾಡುವುದು ವಾಡಿಕೆ. ಆದರೆ ದೊರೆ ಹೊರಟ ಮರುದಿನವೇ ಊರಿನಲ್ಲಿ ಕಟ್ಟು ಬಿತ್ತು. ನಮ್ಮಲ್ಲಿ ಊರ ದೇವರ ಹಬ್ಬಕ್ಕೆ ಮುಂಚೆ ಹಾಗೆ ಕಟ್ಟು ಬೀಳುತ್ತದೆ. ಹಬ್ಬ ಮುಗಿಯುವವರೆಗೆ ಊರಿನವರು ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮದುವೆ ಮಾಡುವಂತಿಲ್ಲ. ಎಸ್ಟೇಟು ಇಂಗ್ಲಿಷರದ್ದಾದರೂ ದೊಡ್ಡಪ್ಪ ಊರಿನವರು. ದೊರೆಗೆ ಹೆದರಿ ಕಟ್ಟು ಮುರಿಯುವುದು ಅವರಿಂದ ಆಗದು. ಊರ ತಕ್ಕರನ್ನು ಹೋಗಿ ಕೇಳಿದರು. ಹಬ್ಬಗಳ ಯಜಮಾನಿಕೆ ಆ ಮುದುಕರದ್ದು. "ಮೊದಲೇ ಕಡಿದು ಬಿದ್ದದ್ದಾದರೆ ತಕೊ. ನಿಂತ ಮರ ಮುಟ್ಟಬೇಡ" ಎಂದರಂತೆ.

ಕಡಿದು ಬಿದ್ದದ್ದು ಎಲ್ಲಿದೆ? ದೊಡ್ಡಪ್ಪ ಎರಡು ದಿನ ಅಲೆದರು. ಸುಟ್ಟ ಜಾಗದಲ್ಲಿ ಉಳಿದದ್ದು ಬೂದಿ ಮತ್ತು ತೊಡೆ ಗಾತ್ರದ ಕೊಳ್ಳಿ. ಮೂರನೆಯ ದಿನ ನಾನೂ ದೊಡ್ಡಮ್ಮನೂ ಸೌದೆಗೆ ಹೋದವರು ಹಳೆ ತೋಟದ ಬದಿಯಲ್ಲಿ ದೊಡ್ಡ ರಾಶಿ ಕಂಡೆವು. ಎರಡು ವಾರದ ಹಿಂದೆ ನೆರಳು ಬಿಡಿಸಲು ಸವರಿ ಹಾಕಿದ ಹಾಲುವಾಣದ ಕೊಂಬೆಗಳು. ಎಲೆಯೆಲ್ಲ ಒಣಗಿ ಉದುರಿತ್ತು.

"ಇದೇ ಉಟ್ಟಲ್ಲಾ ದೊಡ್ಡಮ್ಮ, ಗೂಟಕ್ಕೆ!" ಎಂದೆ.

"ಹಾಲುವಾಣ ಅಲ್ಲಾ ಗೂಡೆ? ಚಿಗುರಿರೆ?"

"ಹೆಬ್ಬೆರಳು ಗಾತ್ರ ಇಲ್ಲೆ. ಎರಡು ವಾರ ಬಿಸಿಲಿಗೆ ಒಣಗಿ ಉಟ್ಟು. ಇದು ಎಲ್ಲಿಂದ ಚಿಗುರುದು?"

ದೊಡ್ಡಪ್ಪ ಬಂದು ಒಂದು ಕೊಂಬೆ ಮುರಿದು ನೋಡಿದರು, ಮೂಸಿದರು, ಆಕಾಶ ನೋಡಿದರು. ಮೋಡ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. "ಆತ್, ಕಡಿಯೊಮ," ಎಂದರು.

ಹಿತ್ತಲಲ್ಲಿ ಕೂತು ಗೂಟ ಚೂಪು ಮಾಡಿದ್ದು ನಾವು, ಲೈನಿನ ಹೆಂಗಸರು, ಪಕ್ಕದ ಮನೆಯವರು. ಗೂಟ ಹೊಡೆದದ್ದು ಹತ್ತು ದಿನ. ದೊಡ್ಡಪ್ಪ ಪ್ರತಿ ಸಾಲಿನ ತುದಿಗೆ ಹೋಗಿ, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡಿ, ಕೈ ಬೀಸಿ "ಅರ್ಧ ಬೆರಳು ಕೆಳಕ್ಕೆ" ಎನ್ನುವರು. ಕೊನೆಗೆ ಒಂದು ದಿನ ಅವರಿಗೆ ಜ್ವರ ಬಂತು. ಮೇಲಿನ ಮೂಲೆಯಲ್ಲಿ ಮೂರು ಸಾಲು ಮಾತ್ರ ಬಾಕಿ. ಅದೇನು ಮಹಾ ಎಂದು ನಾನೇ ಹಗ್ಗದ ತುದಿ ಹಿಡಿದು, ಮೇಸ್ತ್ರಿಯಿಂದ ಗೂಟ ಹೊಡೆಸಿ ಬಂದೆ. "ನೇರ ಉಟ್ಟಾ?" ಎಂದು ಕಂಬಳಿಯೊಳಗಿಂದ ಕೇಳಿದರು. "ನೂಲು ಹಿಡಿದಂಗೆ ಉಟ್ಟು" ಎಂದೆ.

ಆಮೇಲೆ ಮಳೆ ಬಂತು. ಕಾಫಿ ಹೂವಿಗೆ ಎಲ್ಲರೂ ಕಾಯುವ ಬೇಸಗೆ ಮಳೆ. ಒಂದಲ್ಲ, ನಾಲ್ಕು ಸಂಜೆ ಒಂದೇ ಸಮ ಸುರಿಯಿತು. ಎಸ್ಟೇಟಿನಲ್ಲೆಲ್ಲ ಕಾಫಿ ಮೊಗ್ಗು ಉಬ್ಬಿತು, ಎಲ್ಲರ ಮುಖದಲ್ಲೂ ನಗು. ಜ್ವರ ಬಿಟ್ಟು ಎದ್ದ ದೊಡ್ಡಪ್ಪ ಕಣಿವೆಯಾಚೆ ಹೋದವರು ಒಂದು ಗೂಟ ಕಿತ್ತು ಕೈಯಲ್ಲಿ ಹಿಡಿದು ಮನೆಗೆ ಬಂದರು. ದೊಡ್ಡಮ್ಮನ ಮುಂದಿಟ್ಟರು. ಗೂಟದ ತಲೆಯಲ್ಲಿ ಎಳೆ ಹಸಿರಿನ ಮೂರೆಲೆ, ನೋಡಲು ಎಷ್ಟು ಚಂದವಿತ್ತೆಂದರೆ ನನಗೆ ಅಳು ಬಂತು.

"ಎಲ್ಲಾ ಚಿಗುರಿ ಉಟ್ಟಾ?" ಎಂದರು ದೊಡ್ಡಮ್ಮ.

"ಎಲ್ಲಾ. ಒಂದೂ ಬಿಡದೆ."

"ನಾಡಿದ್ದು ಅಲ್ಲಾ ದೊರೆ ಬರುದು? ನಾಳೆ ಎಲ್ಲಾ ಸೇರಿ ಚಿವುಟಿರೆ ಆತ್."

ಮರುದಿನ ಬೆಳಗ್ಗೆ ಇಪ್ಪತ್ತು ಮಂದಿ ಹೆಂಗಸರು ದೊಡ್ಡಪ್ಪನ ಜೊತೆ ಕಣಿವೆಯಾಚೆ ಹೋಗಿ ಕೆಳಗಿನಿಂದ ಚಿಗುರು ಚಿವುಟುತ್ತ ಬಂದೆವು. ಒಬ್ಬಳು ತಮಿಳಿನಲ್ಲಿ ಹಾಡು ಕಟ್ಟಿದಳು, ಇನ್ನೊಬ್ಬಳು ಸೊಪ್ಪು ತನ್ನ ಆಡಿಗೆ ಮೇವಾಗುತ್ತದೆಂದು ಸೆರಗಿಗೆ ತುಂಬಿದಳು. ಇಪ್ಪತ್ತೋ ಮೂವತ್ತೋ ಸಾಲು ಮುಗಿದಿರಬೇಕು, ಬಂಗಲೆಯ ಕಡೆಯಿಂದ ನಾಯಿ ಬೊಗಳಿತು. ತಲೆಯೆತ್ತಿ ನೋಡಿದರೆ ದೊರೆ. ಒಂದು ದಿನ ಮೊದಲೇ ಬಂದುಬಿಟ್ಟಿದ್ದ. ಬಂಗಲೆಯ ಜಗಲಿಯಲ್ಲಿ ನಿಂತು ದುರ್ಬೀನು ನಮ್ಮ ಕಡೆ ಹಿಡಿದಿದ್ದ. ಆಮೇಲೆ ಕೋಲು ಊರಿಕೊಂಡು ಇಳಿದು, ಹಳ್ಳ ದಾಟಿ, ನಮ್ಮ ಕಡೆಗೇ ಹತ್ತಿ ಬಂದ. ಹಾಡು ನಿಂತಿತು. ದೊಡ್ಡಪ್ಪ ಪೇಟ ಸರಿಮಾಡಿಕೊಂಡು ಮುಂದೆ ಹೋಗಿ ನಿಂತರು.

"ರೈಟರ್, ಎನ್ನ ಇದು?" ದೊರೆ ಕೋಲಿನಿಂದ ಒಂದು ಚಿಗುರು ಮುಟ್ಟಿದ. "ಹಾಲುವಾಣ! ನಾನು ಏನು ಹೇಳಿತ್ತು?"

ನೆರಳಿಗೆಂದೇ ನೆಟ್ಟೆ, ಸಿಲ್ವರ್ ಓಕ್ ಬರುವವರೆಗೆ ಇರಲೆಂದು ನೆಟ್ಟೆ ಎಂದು ಏನಾದರೂ ಹೇಳಬಹುದಿತ್ತು. ದೊಡ್ಡಪ್ಪನಿಗೆ ಅಷ್ಟು ಇಂಗ್ಲಿಷೂ ಇರಲಿಲ್ಲ, ಅಂಥ ಬುದ್ಧಿಯೂ ಇರಲಿಲ್ಲ. "ನೋ ಪ್ಲಾಂಟಿಂಗ್, ಸಾರ್. ಓನ್ಲಿ ಲೈನಿಂಗ್, ಸಾರ್. ಪೆಗ್ ಈಸ್ ಗ್ರೋಯಿಂಗ್, ಸಾರ್" ಎಂದರು. ಆಮೇಲೆ ಕಟ್ಟಿನ ವಿಷಯ, ನಿಂತ ಮರ ಮುಟ್ಟಬಾರದ ವಿಷಯ ಕನ್ನಡದಲ್ಲಿ ಹೇಳಿದರು. ದೊರೆಗೆ ಎಷ್ಟು ತಿಳಿಯಿತೋ. ಅವನು ಚಿಗುರನ್ನೇ ನೋಡುತ್ತಿದ್ದ. "ಪೆಗ್ ಈಸ್ ಗ್ರೋಯಿಂಗ್" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೀಸೆಯ ಒಂದು ತುದಿ ಅಲುಗಿತು.

"ಇವರೆಲ್ಲ ಯಾಕೆ ಕೀಳ್ತಾರೆ? ನಿಲ್ಸು!" ಎಂದ. ದೊಡ್ಡಪ್ಪನನ್ನು ಕರೆದುಕೊಂಡು ಬಂಗಲೆಗೆ ಹೊರಟ. ದೊಡ್ಡಪ್ಪ ಒಂದು ಸಲ ಹಿಂದೆ ತಿರುಗಿ ನನ್ನ ಕಡೆ ನೋಡಿದರು. ನಾನೂ ಹಿಂದೆ ಹೋದೆ. ಹಾಲುವಾಣದ ಗೂಟ ನನ್ನ ಬುದ್ಧಿ, ಅದನ್ನು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ.

ಜಗಲಿಯಲ್ಲಿ ದೊರೆ ಕೊರಳ ದುರ್ಬೀನು ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟ. ದುರ್ಬೀನು ಬೇಕಾಗಿರಲಿಲ್ಲ, ನನ್ನ ಬರಿಗಣ್ಣಿಗೇ ಕಾಣುತ್ತಿತ್ತು. ಸುಟ್ಟು ಕಪ್ಪಾದ ಗುಡ್ಡದ ಮೇಲೆ ಹಸಿರು ಚುಕ್ಕಿಗಳು, ಸಾಲು ಸಾಲಾಗಿ, ಎಡಕ್ಕೆ ನೋಡಿದರೂ ನೇರ, ಬಲಕ್ಕೆ ನೋಡಿದರೂ ನೇರ, ಮೂಲೆಯಿಂದ ಮೂಲೆಗೆ ನೋಡಿದರೂ ನೇರ. ಒಣಗೂಟವಾಗಿದ್ದರೆ ಇಲ್ಲಿಂದ ಒಂದೂ ಕಾಣುತ್ತಿರಲಿಲ್ಲ. ನಾವು ಚಿವುಟಿದ ಕೆಳಗಿನ ಭಾಗವಷ್ಟೇ ಬರಿ ಕಪ್ಪು.

"ಸಿಲೋನಲ್ಲೂ ಇಷ್ಟು ನೇರ ನೋಡಿಲ್ಲ," ಎಂದ ದೊರೆ. ಆಮೇಲೆ ಬೆರಳು ಮೇಲಕ್ಕೆತ್ತಿದ. "ಆದರೆ ಅಲ್ಲಿ? ಮೇಲೆ ಮೂಲೆ? ಮೂರು ಸಾಲು ಕುಡಿದಿದೆಯಾ?"

ಮೂರು ಸಾಲು ಗುಡ್ಡದ ಹಣೆಯಲ್ಲಿ ಕುಣಿಯುತ್ತ ಹೋಗಿದ್ದವು. ದೊಡ್ಡಪ್ಪ ದುರ್ಬೀನು ಇಳಿಸಲೇ ಇಲ್ಲ. "ದಟ್ ಆಲ್ಸೋ ಮೈ ಲೈನ್, ಸಾರ್" ಎಂದರು.

ನಾನು ದಾರಿಯಲ್ಲಿ ಜೋಡಿಸಿದ್ದ ವಾಕ್ಯ ಅಷ್ಟೂ ಮರೆತುಹೋಯಿತು. ಕನ್ನಡದಲ್ಲೇ, ಆ ಮೂರು ಸಾಲು ನನ್ನದು, ಅವರಿಗೆ ಜ್ವರ ಇತ್ತು, ಹಾಲುವಾಣ ಹುಡುಕಿದ್ದೂ ನಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ದೊರೆ ನನ್ನನ್ನು ಆವರೆಗೆ ನೋಡಿಯೇ ಇರಲಿಲ್ಲವೇನೋ. ಈಗ ನೋಡಿದ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಆ ಮೂರು ಸಾಲು ಕಿತ್ತು ಮತ್ತೆ ಹಾಕಬೇಕು, ಗುಂಡಿ ತೆಗೆಯುವಾಗ ಗೂಟವೆಲ್ಲ ಹೋಗುತ್ತದಲ್ಲ, ಅಲ್ಲಿಯವರೆಗೆ ಚಿಗುರು ಇರಲಿ, ಗುರುವಾರ ಪಕ್ಕದ ಎಸ್ಟೇಟಿನ ದೊರೆ ಊಟಕ್ಕೆ ಬರುತ್ತಾನೆ, ಅವನಿಗೆ ತೋರಿಸಬೇಕು ಎಂದ. ಮದ್ರಾಸಿನವನ ಕಾಗದವನ್ನು ಮೇಜಿನ ಮೇಲಿಂದ ತೆಗೆದು ದೊಡ್ಡಪ್ಪನಿಗೆ ಕೊಟ್ಟು, "ಡ್ರಾಪ್ ಹಿಮ್ ಎ ಲೈನ್, ರೈಟರ್. ಕೆಲಸ ಖಾಲಿ ಇಲ್ಲ, ಬರೆ" ಎಂದ.

ಎರಡು ಮಾತು ಬರೆದು ಹಾಕುವುದಕ್ಕೂ ಲೈನು ಎನ್ನುತ್ತಾರೆಂದು ದೊಡ್ಡಪ್ಪನಿಗೆ ಗೊತ್ತಾದದ್ದು ಅವತ್ತೇ. ಮನೆಗೆ ಬರುವವರೆಗೂ ಆ ಕಾಗದವನ್ನು ಕೋಟಿನ ಒಳಜೇಬಿನಲ್ಲಿ ಅದುಮಿ ಹಿಡಿದಿದ್ದರು. ದೊಡ್ಡಮ್ಮ ಸುದ್ದಿ ಕೇಳಿ ಕೋಳಿಗೂಡಿನ ಕಡೆ ಹೋಗಿ, ಕಟ್ಟು ನೆನಪಾಗಿ ವಾಪಸು ಬಂದು ಪಾಯಸಕ್ಕೆ ಇಟ್ಟರು.

ಊಟವಾದ ಮೇಲೆ ನಾನು ಮಸಿಕುಡಿಕೆ ತಂದು ಕೂತೆ. ಕೆಲಸ ಖಾಲಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಓದಿ ತೋರಿಸಿದೆ. ದೊಡ್ಡಪ್ಪನಿಗೆ ಸಮಾಧಾನವಾಗಲಿಲ್ಲ.

"ಇಷ್ಟೇನಾ? ಅಂವ ಪಾಪ, ಪೆಟ್ಟಿಗೆ ಕಟ್ಟಿಕಂಡ್ ಕುದ್ದ್ ಕಾಯ್ತಾ ಇರ್ದಾ?"

"ದೊರೆ ಇಷ್ಟೇ ಹೇಳ್ದು ದೊಡ್ಡಪ್ಪ."

"ದೊರೆ ಹೇಳ್ದು ಬರ್ದಾತ್. ಈಗ ನಾ ಹೇಳ್ದು ಬರಿ." ಎಲೆಯಡಿಕೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. ವಿರಾಜಪೇಟೆಯ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ಬಿಟ್ಟು ಹೋಗಿದ್ದಾನೆ, ಅಲ್ಲಿ ವಿಚಾರಿಸಬಹುದು, ಬರುವುದಾದರೆ ಮಳೆ ಹಿಡಿಯುವ ಮೊದಲು ಬರಬೇಕು, ದಪ್ಪ ಕಂಬಳಿ ತರಬೇಕು, ಜಿಗಣೆಗೆ ಹೊಗೆಸೊಪ್ಪು ಸುಣ್ಣ ಒಳ್ಳೆಯದು.

ಜಿಗಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಾನು ನಿಘಂಟು ತೆರೆದೆ. ಕಾಗದ ಎರಡು ಪುಟವಾಯಿತು. ದೊಡ್ಡಪ್ಪ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದು, ಮಸಿ ಒಣಗಲೆಂದು ಊದಿದರು. ಬೆಳಗ್ಗೆ ಟಪ್ಪಾಲಿನವನ ಕೈಗೆ ಅದನ್ನು ಕೊಟ್ಟು, ಹಗ್ಗದ ಸುತ್ತು ಹೆಗಲಿಗೆ ಹಾಕಿಕೊಂಡು, "ನಡಿ ಗೂಡೆ, ನಿನ್ನ ಮೂರು ಸಾಲು ಉಟ್ಟು" ಎಂದು ನನ್ನನ್ನು ಮುಂದೆ ಬಿಟ್ಟುಕೊಂಡು ಕಣಿವೆ ಇಳಿದರು.